ಎಐಟಿಎ (ಅಖಿಲ ಭಾರತ ಟೆನಿಸ್ ಸಂಸ್ಥೆ) ನಿಜವಾಗಿ ಏನು ಮಾಡುತ್ತದೆ? ಮಗಳ ಹೆಸರು ನೋಂದಾಯಿಸಬೇಕಾ?

ದಾವಣಗೆರೆ ಅಪ್ಪ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ 11 ವರ್ಷ. ಮೂರು ವರ್ಷದಿಂದ ಟೆನಿಸ್ ಆಡುತ್ತಿದ್ದಾಳೆ. ನಮ್ಮ ಕ್ಲಬ್‌ನಲ್ಲಿ ಅವಳ ವಯಸ್ಸಿನ ಹುಡುಗಿಯರು ಇನ್ನಿಬ್ಬರೇ ಇರೋದು. ಅವರ ಜೊತೆಗೇ ಆಡಿ ಆಡಿ ಬೇಜಾರಾಗಿದೆ ಅವಳಿಗೆ. ಕೋಚ್ ‘ಎಐಟಿಎ ನೋಂದಣಿ ನಂಬರ್ ಮಾಡಿಸಿ, ಹೊರಗಡೆ ಆಡಿಸೋಣ’ ಎನ್ನುತ್ತಿದ್ದಾರೆ. ಈ ಸಂಸ್ಥೆ ಕೋಚಿಂಗ್ ಕೊಡುತ್ತದಾ? ಪ್ರಯಾಣದ ಖರ್ಚು ಕೊಡುತ್ತದಾ? ಕ್ರಿಕೆಟ್‌ಗೆ ಬಿಸಿಸಿಐ ಇದ್ದ ಹಾಗೆ ಅಂದುಕೊಳ್ಳಬಹುದಾ? ಮನೆಯಲ್ಲಿ ಯಾರೂ ಆಟ ಆಡಿದವರಿಲ್ಲ. ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಮೈಸೂರು ಅಮ್ಮ:

ನನ್ನ ಮಗಳನ್ನು ಕರೆದುಕೊಂಡು ಆರು ವರ್ಷ ಟೂರ್ನಿ ಸುತ್ತಿದ್ದೇನೆ. ಬೆಂಗಳೂರು, ಕೊಯಮತ್ತೂರು, ಹೈದರಾಬಾದ್, ಕೊಲ್ಹಾಪುರ. ಬಸ್ಸಿನಲ್ಲೇ ಹೋಂವರ್ಕ್, ಬಸ್ಸಿನಲ್ಲೇ ನಿದ್ದೆ. ನೋಡಿದ್ದನ್ನು ಹೇಳುತ್ತೇನೆ.

ಬಿಸಿಸಿಐ ಹೋಲಿಕೆ ಮೊದಲು ಮನಸ್ಸಿನಿಂದ ತೆಗೆದುಬಿಡಿ. ಕ್ರಿಕೆಟ್‌ನಲ್ಲಿ ಮಂಡಳಿ ಆರಿಸಿದರೆ ಮಾತ್ರ ಆಟಗಾರ ಮೇಲಕ್ಕೆ ಹೋಗುತ್ತಾನೆ. ಟೆನಿಸ್‌ನಲ್ಲಿ ನಿಮ್ಮ ಮಗಳನ್ನು ಮೇಲಕ್ಕೆ ಒಯ್ಯೋದು ಅವಳ ರ‍್ಯಾಂಕಿಂಗ್. ದೊಡ್ಡವರ ಮೇಲಿನ ಹಂತದ ವೃತ್ತಿಪರ ಟೂರ್ನಿಗಳ ಸರಣಿ ನಡೆಸೋದು ಗಂಡಸರಿಗೆ ಎಟಿಪಿ, ಹೆಂಗಸರಿಗೆ ಡಬ್ಲ್ಯೂಟಿಎ. ವಿಶ್ವದ ಮಟ್ಟದಲ್ಲಿ ಆಟದ ನಿಯಮ, ದೇಶ ದೇಶಗಳ ನಡುವಿನ ಡೇವಿಸ್ ಕಪ್, ಜೂನಿಯರ್ ಟೂರ್ನಿಗಳು ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ, ಅಂದರೆ ಐಟಿಎಫ್ ಕೈಯಲ್ಲಿವೆ. ಆ ಐಟಿಎಫ್‌ಗೆ ನಮ್ಮ ದೇಶದ ಸದಸ್ಯ ಸಂಸ್ಥೆಯೇ ಎಐಟಿಎ. ಶುರುವಾಗಿದ್ದು 1920ರಲ್ಲಿ, ಕಚೇರಿ ದೆಹಲಿಯ ಆರ್.ಕೆ. ಖನ್ನಾ ಸ್ಟೇಡಿಯಂನಲ್ಲಿ. ಅದರ ಕೆಳಗೆ ರಾಜ್ಯ ಸಂಘಗಳು. ನಮ್ಮದು ಕೆಎಸ್‌ಎಲ್‌ಟಿಎ, ಕಬ್ಬನ್ ಪಾರ್ಕ್ ಒಳಗಿದೆ.

ಸಾಮಾನ್ಯವಾಗಿ ನಮ್ಮ ಮಕ್ಕಳಿಗೆ ದಿನದ ಕೋಚಿಂಗ್ ಅವರು ಕೊಡಲ್ಲ. ಎಲ್ಲ ಮಕ್ಕಳಿಗೂ ಖರ್ಚು ಕೊಡೋದೂ ಇಲ್ಲ. ಹಾಗಾದರೆ ನಂಬರ್ ಯಾಕೆ? ಯಾಕೆಂದರೆ ವರ್ಷವಿಡೀ ಯಾವ ವಾರ ಯಾವ ಊರಲ್ಲಿ ಯಾವ ಮಟ್ಟದ ಟೂರ್ನಿ ಎಂಬ ಕ್ಯಾಲೆಂಡರ್ ಅವರದ್ದು. ಟೂರ್ನಿಗೆ ಮಾನ್ಯತೆ ಕೊಡೋದು ಅವರು. ಗೆದ್ದ ಸುತ್ತಿಗೆ ಇಷ್ಟು ಪಾಯಿಂಟ್ ಅಂತ ಲೆಕ್ಕ ಹಾಕಿ ರ‍್ಯಾಂಕಿಂಗ್ ಪಟ್ಟಿ ಹಾಕೋದೂ ಅವರೇ. 12, 14, 16, 18 ವರ್ಷದೊಳಗಿನವರಿಗೆ ಬೇರೆ ಬೇರೆ ಪಟ್ಟಿ. ಕೆಳಗಿನ ಮೆಟ್ಟಿಲು ಟ್ಯಾಲೆಂಟ್ ಸೀರೀಸ್. ಆಮೇಲೆ ಚಾಂಪಿಯನ್‌ಶಿಪ್ ಸೀರೀಸ್, ಸೂಪರ್ ಸೀರೀಸ್, ನ್ಯಾಷನಲ್ ಸೀರೀಸ್. ಕೊನೆಗೆ ನ್ಯಾಷನಲ್ಸ್. ನೀವು ಮೊದಲು ಕಾಲಿಡುವ ಜಾಗ ಟ್ಯಾಲೆಂಟ್ ಸೀರೀಸ್.

ಒಂದು ಮ್ಯಾಚ್ ಹೇಳುತ್ತೇನೆ, ಆಗ ಅರ್ಥವಾಗುತ್ತದೆ. ಮಗಳ ಮೊದಲ ಟೂರ್ನಿ, ಕೆಂಪು ಮಣ್ಣಿನ ಕೋರ್ಟ್. ಈ ಮಟ್ಟದಲ್ಲಿ ಪ್ರತಿ ಮ್ಯಾಚಿಗೂ ಅಂಪೈರ್ ಇರಲ್ಲ, ಚೆಂಡು ಗೆರೆಯ ಒಳಗೋ ಹೊರಗೋ ಎಂದು ಮಕ್ಕಳೇ ಹೇಳಬೇಕು. ಸ್ಕೋರ್ 4-4. ಎದುರಿನ ಹುಡುಗಿ ಬೆರಳೆತ್ತಿ ಔಟ್ ಎಂದಳು. ಇವಳು ನೆಟ್ ತನಕ ಬಂದು ‘ಮಾರ್ಕ್’ ಎಂದಳು, ಅಷ್ಟೇ. ಆ ಹುಡುಗಿ ರಾಕೆಟ್ ತುದಿಯಿಂದ ಮಣ್ಣಿನ ಮೇಲೆ ಗುಂಡಗೆ ಒಂದು ಗೆರೆ ಎಳೆದು ತೋರಿಸಿದಳು. ರೆಫ್ರಿ ಬಂದು ಮೊಣಕಾಲೂರಿ ನೋಡಿದರು. ಚೆಂಡಿನ ಗುರುತಿಗೂ ಬಿಳಿ ಗೆರೆಗೂ ನಡುವೆ ಒಂದು ಬೆರಳು ಮಣ್ಣು. ಔಟ್. ಇಬ್ಬರೂ ಸುಮ್ನೆ ತಿರುಗಿ ಮುಂದಿನ ಪಾಯಿಂಟ್‌ಗೆ ನಿಂತರು. ಆ ಮಗು ಬೇರೆ ರಾಜ್ಯದ್ದು, ಇವಳಿಗೆ ಅವಳ ಭಾಷೆ ಬರಲ್ಲ, ಅವಳಿಗೆ ಇವಳದ್ದು ಬರಲ್ಲ. ಆದರೆ ಗುರುತು ಹೇಗೆ ತೋರಿಸಬೇಕು, ಯಾರ ಮಾತು ಕೊನೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಒಂದೇ ನಿಯಮ ಕಲಿತು ಬಂದಿದ್ದರು. ನನ್ನ ಮಟ್ಟಿಗೆ ಸಂಸ್ಥೆಯ ಅಸಲಿ ಕೆಲಸ ಅದು.

ಒಳಗೋ ಹೊರಗೋ ಎಂಬ ತೀರ್ಪಿನಲ್ಲಿ ಬೇಲಿಯ ಹೊರಗಿನಿಂದ ನಾವು ಬಾಯಿ ಹಾಕುವ ಹಾಗಿಲ್ಲ, ಅದನ್ನೂ ಈಗಲೇ ಹೇಳಿಬಿಡುತ್ತೇನೆ. ರಾಕೆಟ್ ಎಸೆದರೆ ಮೊದಲ ಸಲ ಎಚ್ಚರಿಕೆ, ಮತ್ತೆ ಎಸೆದರೆ ಒಂದು ಪಾಯಿಂಟ್ ಹೋಗುತ್ತದೆ.

ಒಮ್ಮೆ ಒಂದು ಊರಿನ ಟೂರ್ನಿಯಲ್ಲಿ ಕುಡಿಯಲು ನೀರಿರಲಿಲ್ಲ. ಮೇ ತಿಂಗಳ ಬಿಸಿಲು. ಸಂಘಟಕರು ಕಿವಿಗೆ ಹಾಕಿಕೊಳ್ಳಲಿಲ್ಲ. ನಾವು ಏಳು ಜನ ಪೋಷಕರು ಸೇರಿ ಒಂದು ಹಾಳೆಯಲ್ಲಿ ಬರೆದು ರೆಫ್ರಿಗೆ ಕೊಟ್ಟೆವು. ಮರುದಿನ ಬೆಳಿಗ್ಗೆ ಕ್ಯಾನ್ ಬಂದಿತ್ತು. ಮಾನ್ಯತೆ ಇರುವ ಟೂರ್ನಿಯಲ್ಲಿ ದೂರು ಕೊಡಲು ಒಬ್ಬರು ಇರುತ್ತಾರೆ. ಅವರ ಹತ್ತಿರ ಹೋಗಲು ಸಂಕೋಚ ಬೇಡ.

ಹಳೇ ಅಭಿಮಾನಿ, ಮಡಿಕೇರಿ:

ಅಮ್ಮ ಹೇಳಿದ್ದು ಮಕ್ಕಳ ಮಟ್ಟದ ಮಾತು. ಮೇಲಿನ ಮಟ್ಟದಲ್ಲಿ ಈ ಸಂಸ್ಥೆಯ ಕೈಯಲ್ಲಿರೋದು ದೇಶದ ತಂಡ. ಪುರುಷರ ಡೇವಿಸ್ ಕಪ್, ಮಹಿಳೆಯರ ಬಿಲ್ಲಿ ಜೀನ್ ಕಿಂಗ್ ಕಪ್‌ಗೆ ಯಾರು ಆಡಬೇಕೆಂದು ಹೇಳೋದು ಅದೇ. 1974ರಲ್ಲಿ ಭಾರತ ಡೇವಿಸ್ ಕಪ್ ಫೈನಲ್ ತಲುಪಿತ್ತು. ಎದುರಾಳಿ ದಕ್ಷಿಣ ಆಫ್ರಿಕಾ. ಅಲ್ಲಿನ ವರ್ಣಭೇದವನ್ನು ವಿರೋಧಿಸಿ ಭಾರತ ಆಡಲಿಲ್ಲ, ಕಪ್ ಅವರಿಗೆ ಹೋಯಿತು. ಆ ತಂಡದಲ್ಲಿದ್ದ ಅಮೃತರಾಜ್ ಸಹೋದರರಿಗೆ ಎಷ್ಟು ನೋವಾಗಿರಬೇಕು ಅಂತ ಈಗಲೂ ಯೋಚಿಸುತ್ತೇನೆ. ಆದರೂ ಆ ನಿರ್ಧಾರ ಸರಿ ಎಂದೇ ನನ್ನ ಅಭಿಪ್ರಾಯ.

2012ರ ಲಂಡನ್ ಒಲಿಂಪಿಕ್ಸ್‌ಗೆ ಮೊದಲು ತಂಡದ ಆಯ್ಕೆಯಲ್ಲೇ ಜಗಳ. ಮಹೇಶ್ ಭೂಪತಿ, ನಮ್ಮ ಕೊಡಗಿನ ರೋಹನ್ ಬೋಪಣ್ಣ ಇಬ್ಬರೂ ಲಿಯಾಂಡರ್ ಪೇಸ್ ಜೊತೆ ಡಬಲ್ಸ್ ಆಡಲು ಒಪ್ಪಲಿಲ್ಲ. ಕೊನೆಗೆ ಎರಡು ಜೋಡಿ ಹೋದವು. ಪೇಸ್ ಜೊತೆ ವಿಷ್ಣುವರ್ಧನ್, ಭೂಪತಿ ಜೊತೆ ಬೋಪಣ್ಣ. ಪದಕ ಬರಲಿಲ್ಲ. ಅದೇ ಬೋಪಣ್ಣ 2024ರಲ್ಲಿ, 43ನೇ ವಯಸ್ಸಿನಲ್ಲಿ, ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದು ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್ ಆದರು. ಆ ದಿನ ನಮ್ಮ ಬೀದಿಯಲ್ಲಿ ಬೇರೆ ಮಾತೇ ಇರಲಿಲ್ಲ.

ದಾವಣಗೆರೆ ಅಪ್ಪ:

ತುಂಬಾ ಧನ್ಯವಾದ. ಒಂದು ಅನುಮಾನ. ಖರ್ಚು ಪೂರ್ತಿ ನಮ್ಮದೇ ಆದರೆ ದೇಶದ ಸಂಸ್ಥೆಯಿಂದ ಮುಂದೆ ಏನು ಲಾಭ?

ಮೈಸೂರು ಅಮ್ಮ:

ದೂರದ ಊರಿಗೆ ಹೋಗದೆ ಆಡಲು ಸಿಗೋದೇ ದೊಡ್ಡ ಲಾಭ. 2023ರಲ್ಲಿ ಕಲಬುರಗಿಯಲ್ಲಿ ಪುರುಷರ ಐಟಿಎಫ್ ಟೂರ್ನಿ ನಡೆಯಿತು, ಗೊತ್ತಲ್ವಾ? ಅಂಥದ್ದು ಇಲ್ಲಿ ನಡೆದರೆ ನಮ್ಮ ಹುಡುಗರು ಯುರೋಪಿಗೆ ಟಿಕೆಟ್ ಮಾಡಿಸದೆ ವಿಶ್ವ ರ‍್ಯಾಂಕಿಂಗ್ ಪಾಯಿಂಟ್‌ಗೆ ಆಡಬಹುದು. ಜೊತೆಗೆ ವೈಲ್ಡ್ ಕಾರ್ಡ್. ನಮ್ಮ ನೆಲದ ಟೂರ್ನಿಯಲ್ಲಿ ರ‍್ಯಾಂಕಿಂಗ್ ಸಾಲದಿದ್ದರೂ ಕೆಲವು ಜಾಗ ನಮ್ಮ ಮಕ್ಕಳಿಗೆ ಸಿಗುತ್ತದೆ. ಬೆಂಗಳೂರಿನ ಚಾಲೆಂಜರ್ (ಎಟಿಪಿಯ ಮುಖ್ಯ ಟೂರ್ನಿಗಳಿಗಿಂತ ಒಂದು ಮೆಟ್ಟಿಲು ಕೆಳಗಿನದು) ಅನ್ನು 2017ರಲ್ಲಿ ಸುಮಿತ್ ನಗಾಲ್, 2018ರಲ್ಲಿ ಪ್ರಜ್ಞೇಶ್ ಗೆದ್ದರು. ಕಬ್ಬನ್ ಪಾರ್ಕಿನಲ್ಲಿ ಕೂತು ಅದನ್ನು ನೋಡಿದ ಮಕ್ಕಳ ಮುಖ ನಾನು ಕಂಡಿದ್ದೇನೆ. ಇಂಥ ಟೂರ್ನಿ ಇನ್ನೂ ಜಾಸ್ತಿ ಬೇಕು, ಬೆಂಗಳೂರು ಬಿಟ್ಟು ಹೊರಗೂ ಬೇಕು. ಸಂಸ್ಥೆಯಿಂದ ನಾವು ಗಟ್ಟಿಯಾಗಿ ಕೇಳಬೇಕಾದದ್ದು ಇದನ್ನೇ.

ಈಗ ನಿಮ್ಮ ಕೆಲಸ. ಜನನ ಪ್ರಮಾಣಪತ್ರ ಹುಡುಕಿಡಿ, ಶಾಲೆಯಲ್ಲಿರುವ ತಾರೀಕು ಅದಕ್ಕೆ ಹೊಂದುತ್ತದಾ ನೋಡಿ. ಟೂರ್ನಿಯ ಫ್ಯಾಕ್ಟ್ ಶೀಟ್, ಅಂದರೆ ವಿವರಗಳ ಹಾಳೆ, ಪೂರ್ತಿ ಓದಿ. ಹೆಸರು ಕೊಡಲು ಒಂದು ಕೊನೆಯ ದಿನ, ವಾಪಸ್ ತೆಗೆಯಲು ಇನ್ನೊಂದು. ಮಗಳಿಗೆ ಜ್ವರ ಬಂದಾಗ ನಾನು ಆ ಎರಡನೆಯ ದಿನ ಮರೆತೆ, ದಂಡ ಬಿತ್ತು. ಅವತ್ತಿನಿಂದ ಎರಡೂ ತಾರೀಕನ್ನು ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕುತ್ತಿದ್ದೆ. ಮತ್ತೆ, 12ರೊಳಗಿನ ಪಟ್ಟಿಯಲ್ಲಿ ಆಡಿಸದೆ ನೇರ 14ಕ್ಕೆ ನೂಕಬೇಡಿ. ತನ್ನ ವಯಸ್ಸಿನವರ ಜೊತೆ ಹತ್ತಿಪ್ಪತ್ತು ಮ್ಯಾಚ್ ಆಡಲಿ.

ದಾವಣಗೆರೆ ಅಪ್ಪ:

ಪ್ರಮಾಣಪತ್ರ ಸಿಕ್ಕಿತು, ಅಜ್ಜಿಯ ಟ್ರಂಕ್‌ನಲ್ಲಿತ್ತು. ತಾರೀಕು ಹೊಂದುತ್ತದೆ. ನಿಮ್ಮ ಮಾರ್ಕ್ ಕಥೆಯನ್ನು ಮಗಳಿಗೆ ಓದಿ ಹೇಳಿದೆ. ‘ನಮ್ಮದು ಸಿಮೆಂಟ್ ಕೋರ್ಟ್, ಅಲ್ಲಿ ಮಾರ್ಕ್ ಕಾಣಲ್ಲ, ಆಗ ಏನು ಮಾಡೋದು?’ ಎಂದು ಕೇಳುತ್ತಿದ್ದಾಳೆ.

ಮೈಸೂರು ಅಮ್ಮ:

ಅನುಮಾನ ಬಂದರೆ ಚೆಂಡು ಒಳಗೇ ಬಿತ್ತು ಅಂತ ಲೆಕ್ಕ. ಅನುಮಾನದ ಲಾಭ ಎದುರಿನವಳಿಗೆ. ಪುಟ್ಟಿಗೆ ಹೇಳಿ, ನಿಯಮ ಹಾಗೇ ಇದೆ.