ಆಸ್ಟಿಯೋಬ್ಲಾಸ್ಟ್‌ಗಳು ಜಾಸ್ತಿ ಅಂಟಿಕೊಂಡರೆ ಮೂಳೆ ಜಾಸ್ತಿ ಆಗುತ್ತಾ, ಕಮ್ಮಿ ಆಗುತ್ತಾ?

ಬೆಣ್ಣೆದೋಸೆ ಬಯೋಟೆಕ್:
ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಎಂಎಸ್ಸಿ ಓದುತ್ತಿದ್ದೇನೆ, ಮುಂದಿನ ವಾರ ಸೆಮಿನಾರ್ ಇದೆ. ಮೂಳೆ ಕಟ್ಟುವ ಜೀವಕೋಶಗಳು, ಅಂದರೆ ಆಸ್ಟಿಯೋಬ್ಲಾಸ್ಟ್‌ಗಳು, ಒಂದಕ್ಕೊಂದು ಅಂಟಿಕೊಳ್ಳುವುದರ ಬಗ್ಗೆ ಮಾತಾಡಬೇಕು. ಅಂಟಿಸುವ ಪ್ರೋಟೀನ್ ಕ್ಯಾಡ್ಹೆರಿನ್, ಅದಕ್ಕೆ ಕ್ಯಾಲ್ಸಿಯಂ ಬೇಕು, ಕೋಶದ ಒಳಗೆ ಅದರ ಬಾಲವನ್ನು ಬೀಟಾ-ಕ್ಯಾಟೆನಿನ್ ಅನ್ನೋ ಇನ್ನೊಂದು ಪ್ರೋಟೀನ್ ಹಿಡಿದಿರುತ್ತದೆ, ಇಲ್ಲಿವರೆಗೆ ಅರ್ಥ ಆಯಿತು. ಆಮೇಲೆ ತಲೆ ಕೆಟ್ಟಿದೆ. ಈ ಕೋಶಗಳಲ್ಲಿರುವ ಒಂದು ಬಗೆಯ ಕ್ಯಾಡ್ಹೆರಿನ್, ಎನ್-ಕ್ಯಾಡ್ಹೆರಿನ್, ಅದರ ಕೆಲಸ ಕೆಡಿಸಿದ ಇಲಿಗಳಲ್ಲಿ ಮೂಳೆ ಕಮ್ಮಿ ಅಂತ ಒಂದು ಪೇಪರ್. ಅದನ್ನೇ ಜಾಸ್ತಿ ಮಾಡಿದ ಇಲಿಗಳಲ್ಲೂ ಮೂಳೆ ಕಮ್ಮಿ ಅಂತ ಇನ್ನೊಂದು! ಎರಡೂ ನಿಜ ಹೇಗೆ?

ಇನ್ನೊಂದು ವಿಷಯ. ಲ್ಯಾಬ್‌ನಲ್ಲಿ ಎಂಸಿ3ಟಿ3 ಕೋಶಗಳನ್ನು (ಇಲಿಯಿಂದ ಬಂದ, ಆಸ್ಟಿಯೋಬ್ಲಾಸ್ಟ್ ಆಗಬಲ್ಲ ಕೋಶಗಳು) ಬೆಳೆಸಿದ್ದೆವು. ದಟ್ಟವಾಗಿ ಹಾಕಿದ ಪ್ಲೇಟ್‌ಗೆ ಮೂರು ವಾರ ಆದ ಮೇಲೆ ಕ್ಯಾಲ್ಸಿಯಂ ಹಿಡಿಯುವ ಬಣ್ಣ ಅಲಿಜರಿನ್ ರೆಡ್ ಹಾಕಿದರೆ ಕುಂಕುಮ ಚೆಲ್ಲಿದ ಹಾಗೆ ಕೆಂಪು ಚುಕ್ಕೆಗಳು. ವಿರಳವಾಗಿ ಹಾಕಿದ್ದರಲ್ಲಿ ಏನೂ ಇಲ್ಲ. ಅಂಟಿಕೊಂಡರೇನೇ ಮೂಳೆ ಅನ್ನೋದಕ್ಕೆ ಇದನ್ನು ಸಾಕ್ಷಿ ಅಂತ ಸ್ಲೈಡ್‌ನಲ್ಲಿ ಹಾಕಬಹುದಾ?

ಊರುಬಿಟ್ಟ ಪಿಎಚ್‌ಡಿ:
ನಾನೂ ದಾವಣಗೆರೆಯವನೇ, ಈಗ ಬೆಂಗಳೂರಿನಲ್ಲಿ ಮೂಳೆ ಕೋಶಗಳ ಮೇಲೇ ಕೆಲಸ. ಎರಡೂ ಪೇಪರ್ ಸರಿ ಇವೆ. ಬೀಟಾ-ಕ್ಯಾಟೆನಿನ್‌ಗೆ ಎರಡು ಕೆಲಸ ಇದೆ ಅನ್ನೋದನ್ನು ಮೊದಲು ಹಿಡಿದುಕೊಳ್ಳಿ. ಪೊರೆಯ ಹತ್ತಿರ ಇದ್ದರೆ ಅದು ಕ್ಯಾಡ್ಹೆರಿನ್ನನ್ನು ಆಲ್ಫಾ-ಕ್ಯಾಟೆನಿನ್ ಮೂಲಕ ಆಕ್ಟಿನ್ ಎಳೆಗಳಿಗೆ ಕಟ್ಟುತ್ತದೆ. ನ್ಯೂಕ್ಲಿಯಸ್ಸಿಗೆ ಹೋದರೆ ವಿಂಟ್ ಸಿಗ್ನಲ್‌ನ ಜೀನ್‌ಗಳನ್ನು ಎಬ್ಬಿಸುತ್ತದೆ, ಮೂಳೆ ಕಟ್ಟಲು ಆ ಸಿಗ್ನಲ್ ಬೇಕೇ ಬೇಕು. ಈಗ ಎನ್-ಕ್ಯಾಡ್ಹೆರಿನ್ ವಿಪರೀತ ಆದರೆ? ಬೀಟಾ-ಕ್ಯಾಟೆನಿನ್ ಪೊರೆಯ ಹತ್ತಿರವೇ ಸಿಕ್ಕಿಹಾಕಿಕೊಳ್ಳುತ್ತದೆ. ಸಾಲದ್ದಕ್ಕೆ ಎನ್-ಕ್ಯಾಡ್ಹೆರಿನ್ ಹೋಗಿ ವಿಂಟ್‌ನ ಸಹ-ಗ್ರಾಹಕ ಎಲ್‌ಆರ್‌ಪಿ5 ಮತ್ತು 6ರ ಜೊತೆ ಸೇರಿಕೊಂಡು ಸಿಗ್ನಲ್ಲನ್ನೇ ತಗ್ಗಿಸುತ್ತದೆ. ನಿಮ್ಮ ಎರಡನೇ ಪೇಪರ್‌ನ ಇಲಿಗಳಲ್ಲಿ ಆಗಿದ್ದು ಇದು.

ಕೆಡಿಸಿದ ಇಲಿಗಳ ಕಥೆ ಬೇರೆ. ಎಳೆಯ ಕೋಶಗಳು ಆಸ್ಟಿಯೋಬ್ಲಾಸ್ಟ್ ದಾರಿ ಹಿಡಿಯಬೇಕಾದರೆ ಗುಂಪಾಗಿ ಕೂಡಿಕೊಳ್ಳಬೇಕು. ಆ ಹಂತದಲ್ಲಿ ಹಿಡಿತ ತಪ್ಪಿದರೆ ಮೂಳೆ ಬೆಳವಣಿಗೆ ಹಿಂದೆ ಬೀಳುತ್ತದೆ, ಅಂಥ ಇಲಿಗಳಲ್ಲಿ ಕೊಬ್ಬು ಕೂಡ ಜಾಸ್ತಿ ಆಗಿದ್ದು ನೋಡಿದ್ದಾರೆ. ಇದೇ ಕೋಶಗಳ ಇನ್ನೊಂದು ಕ್ಯಾಡ್ಹೆರಿನ್, ಕ್ಯಾಡ್ಹೆರಿನ್-11, ಅದೊಂದನ್ನೇ ತೆಗೆದರೆ ಮೂಳೆ ಸ್ವಲ್ಪ ಮಾತ್ರ ಕಮ್ಮಿ ಆಗುತ್ತದೆ. ಅದರ ಜೊತೆ ಎನ್-ಕ್ಯಾಡ್ಹೆರಿನ್ ಜೀನ್‌ನ ಒಂದು ಪ್ರತಿಯನ್ನೂ ತೆಗೆದರೆ ಪೆಟ್ಟು ಜೋರು. ಅಂದರೆ ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಡುತ್ತಿದೆ. ಹಾಗಾಗಿ ಜಾಸ್ತಿನಾ ಕಮ್ಮಿನಾ ಅಂತ ಕೇಳಬೇಡಿ, ಯಾವ ಹಂತದಲ್ಲಿ ಅಂತ ಕೇಳಿ. ಆಸ್ಟಿಯೋಬ್ಲಾಸ್ಟ್ ಕೊನೆಗೆ ಮೂಳೆಯೊಳಗೆ ಹೂತು ಆಸ್ಟಿಯೋಸೈಟ್ ಆಗುವ ಹೊತ್ತಿಗೆ ಎನ್-ಕ್ಯಾಡ್ಹೆರಿನ್ ಹೇಗೂ ಇಳಿದಿರುತ್ತದೆ.

ಹಲ್ಲು ಡಾಕ್ಟರಮ್ಮ:
ಸೆಮಿನಾರ್‌ನಲ್ಲಿ ಕನೆಕ್ಸಿನ್ 43 ಬಿಡಬೇಡಮ್ಮಾ, ನಮ್ಮ ಪಿಜಿ ವೈವಾದಲ್ಲಿ ಇದನ್ನೇ ಕೇಳುತ್ತಾರೆ. ಕ್ಯಾಡ್ಹೆರಿನ್ ಕೋಶಗಳನ್ನು ಹತ್ತಿರ ಹಿಡಿದಿಟ್ಟರೆ ಗ್ಯಾಪ್ ಜಂಕ್ಷನ್, ಅಂದರೆ ಎರಡು ಕೋಶಗಳ ನಡುವಿನ ಕೊಳವೆ, ಕೂರಲು ಜಾಗ ಆಗುತ್ತದೆ. ಆರು ಕನೆಕ್ಸಿನ್ ಸೇರಿ ಅರ್ಧ ಕೊಳವೆ, ಪಕ್ಕದ ಕೋಶದ ಅರ್ಧ ಬಂದು ಕೂಡಿದರೆ ಪೂರ್ತಿ. ಸುಮಾರು 1000 ಡಾಲ್ಟನ್‌ಗಿಂತ ಚಿಕ್ಕವು ಅದರಲ್ಲಿ ಈ ಕಡೆಯಿಂದ ಆ ಕಡೆ ಹೋಗುತ್ತವೆ. ಹಲ್ಲಿಗೆ ಕ್ಲಿಪ್ ಹಾಕಿದಾಗ ಒತ್ತಡದ ಸುದ್ದಿ ಮೂಳೆಯೊಳಗೆ ಹರಡುವುದಕ್ಕೆ ಈ ಜಾಲವೂ ಬೇಕು. ಆಸ್ಟಿಯೋಸೈಟ್‌ಗಳು ಬಿಡುವ ಸ್ಕ್ಲೆರೋಸ್ಟಿನ್ ಪ್ರೋಟೀನ್ ಅದೇ ಎಲ್‌ಆರ್‌ಪಿ5 ಮತ್ತು 6ನ್ನು ತಡೆಯುತ್ತದೆ. ಅದನ್ನು ಹಿಡಿದುಹಾಕುವ ರೋಮೋಸೊಜುಮ್ಯಾಬ್ ಅನ್ನೋ ಮೂಳೆಸವೆತದ ಔಷಧಿಗೆ ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿತು. ಕೊನೇ ಸ್ಲೈಡಿಗೆ ಚೆನ್ನಾಗಿರುತ್ತದೆ.

ದುರ್ಗದ ಕಡೆಯವ:
ನಾನು ಸೈನ್ಸ್ ಓದಿದವನಲ್ಲ, ಸುಮ್ನೆ ಕೇಳುತ್ತೇನೆ. ನಮ್ಮ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಅಜ್ಜನಿಗೆ ಬೆನ್ನು ಬಗ್ಗಿಸಲು ಆಗುತ್ತಿರಲಿಲ್ಲ. ಅದೂ ಈ ಅಂಟುವ ತೊಂದರೆನಾ?

ಊರುಬಿಟ್ಟ ಪಿಎಚ್‌ಡಿ:
ಅಲ್ಲ ಅಣ್ಣಾ, ಅದಕ್ಕೂ ಇದಕ್ಕೂ ಗಂಟು ಹಾಕುವುದು ಬೇಡ. ಫ್ಲೋರೈಡ್ ಆಸ್ಟಿಯೋಬ್ಲಾಸ್ಟ್‌ಗಳನ್ನು ಕೆರಳಿಸುತ್ತದೆ, ಮೂಳೆಯ ಖನಿಜದೊಳಗೂ ಸೇರಿಕೊಳ್ಳುತ್ತದೆ. ವರ್ಷಗಟ್ಟಲೆ ಕುಡಿದರೆ ಮೂಳೆ ದಪ್ಪ ಆಗುತ್ತದೆ, ಆದರೆ ಗಟ್ಟಿ ಆಗುವುದಿಲ್ಲ, ಕೀಲು ಮತ್ತು ಲಿಗಮೆಂಟ್‌ಗಳೂ ಬಿಗಿಯುತ್ತವೆ. ಇದನ್ನೇ ಮೂಳೆಸವೆತಕ್ಕೆ ಔಷಧಿ ಅಂತ ಕೊಟ್ಟು ನೋಡಿದ್ದರು. 1990ರಲ್ಲಿ ಬಂದ ಅಮೆರಿಕದ ಟ್ರಯಲ್‌ನಲ್ಲಿ ಬೆನ್ನುಮೂಳೆಯ ಸಾಂದ್ರತೆ ಏರಿತು, ಮುರಿತ ಮಾತ್ರ ಕಮ್ಮಿ ಆಗಲಿಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, ಒಮ್ಮೆ ಟೆಸ್ಟ್ ಮಾಡಿಸಿ.

ಬಯೋಟೆಕ್ ಮೇಡಂ, ನಿಮ್ಮ ಪ್ಲೇಟ್ ವಿಷಯ ಬಾಕಿ ಉಳಿಯಿತು. ಅದು ಸಾಕ್ಷಿ ಆಗುವುದಿಲ್ಲ. ಕೋಶಗಳು ದಟ್ಟವಾಗಿದ್ದರೆ ಅವು ಹೊರಗೆ ಬಿಡುವ ಬೆಳವಣಿಗೆ ಅಂಶಗಳೂ ಮೀಡಿಯಾದಲ್ಲಿ ಜಾಸ್ತಿ, ಕೊಲಾಜೆನ್ ಕೂಡ ಜಾಸ್ತಿ. ಕೆಂಪು ಚುಕ್ಕೆ ಯಾವುದರಿಂದ ಬಂತು ಅಂತ ಹೇಗೆ ಹೇಳುತ್ತೀರಿ? ಎರಡೂ ಪ್ಲೇಟ್‌ಗೆ ಒಂದೇ ಸಮ ಕೋಶ ಹಾಕಿ, ಒಂದಕ್ಕೆ ಎನ್-ಕ್ಯಾಡ್ಹೆರಿನ್ ಹಿಡಿತ ತಡೆಯುವ ಎಚ್‌ಎವಿ ಪೆಪ್ಟೈಡ್, ಇನ್ನೊಂದಕ್ಕೆ ಹೋಲಿಕೆಗೆ ಅದರದೇ ಅಮೈನೋ ಆಮ್ಲಗಳನ್ನು ಅದಲುಬದಲು ಮಾಡಿದ ಪೆಪ್ಟೈಡ್.

ಬೆಣ್ಣೆದೋಸೆ ಬಯೋಟೆಕ್:
ಥ್ಯಾಂಕ್ಸ್ ಸರ್, ಥ್ಯಾಂಕ್ಸ್ ಅಕ್ಕ. ಪೆಪ್ಟೈಡ್ ತರಿಸುವಷ್ಟು ದುಡ್ಡು ನಮ್ಮ ಲ್ಯಾಬ್‌ನಲ್ಲಿ ಇಲ್ಲ. ಬರೀ ಕ್ಯಾಲ್ಸಿಯಂ ತೆಗೆದು ನೋಡಿದರೆ ಆಗಲ್ವಾ?

ಊರುಬಿಟ್ಟ ಪಿಎಚ್‌ಡಿ:
ಹಿಡಿತ ಬಿಡುತ್ತದೆ, ನಿಜ. ಆದರೆ ನೀವು ಅಳೆಯುವುದೇ ಕ್ಯಾಲ್ಸಿಯಂ ಖನಿಜವನ್ನು ಅಲ್ವಾ, ಅದನ್ನೇ ತೆಗೆದರೆ ಅಲಿಜರಿನ್‌ಗೆ ಹಿಡಿಯಲು ಏನಿರುತ್ತದೆ? ಈ ಸಲ ಚಿತ್ರ ಹಾಕಿ, ಕೆಳಗೆ 'ಸಾಂದ್ರತೆಯ ಪರಿಣಾಮ' ಅಂತ ಮಾತ್ರ ಬರೆಯಿರಿ.