ತಾರ್ಕೋವ್‌ಸ್ಕಿಯ ಹೊರತಾಗಿ ರಷ್ಯನ್ ಸಿನಿಮಾಗೆ ಬೇರೆ ಬಾಗಿಲು ಯಾವುದು?

ನದೀತೀರ:

ಎಲ್ಲರಿಗೂ ನಮಸ್ಕಾರ. ವಿಶ್ವ ಸಿನಿಮಾ ಕುರಿತು ಕನ್ನಡದಲ್ಲಿ ಬಂದಿರುವ ಬರಹಗಳನ್ನು ಓದುತ್ತಲೇ ರಷ್ಯನ್ ಚಿತ್ರಗಳ ಕಡೆಗೆ ಬಂದವನು ನಾನು. ಆ ಬರಹಗಳಲ್ಲಿ ಹೆಚ್ಚಿನವು ನಿರ್ದೇಶಕ ಐಸೆನ್‌ಸ್ಟೈನ್ ಅವರಿಂದ ಆರಂಭವಾಗಿ ತಾರ್ಕೋವ್‌ಸ್ಕಿಯವರಲ್ಲಿ ಮುಗಿಯುವುದರಿಂದ ನಾನೂ ಅದೇ ಹಾದಿಯನ್ನು ಹಿಡಿದೆ. ಐಸೆನ್‌ಸ್ಟೈನ್ ಅವರ 'ಬ್ಯಾಟಲ್‌ಶಿಪ್ ಪೊಟೆಮ್‌ಕಿನ್' (1925) ಚಿತ್ರದ ಒಡೆಸ್ಸಾ ಮೆಟ್ಟಿಲುಗಳ ದೃಶ್ಯ ಬೆರಗು ಹುಟ್ಟಿಸಿತು, ನಿಜ. ಆದರೆ ಅದನ್ನು ನಾನು ಕಥೆಯಾಗಿ ನೋಡಲಿಲ್ಲ, ಸಂಕಲನದ ಪಾಠವಾಗಿ ನೋಡಿದೆ. ಅಲ್ಲಿಂದ ನೇರವಾಗಿ ತಾರ್ಕೋವ್‌ಸ್ಕಿಯವರ 'ಸ್ಟಾಕರ್' (1979) ಚಿತ್ರಕ್ಕೆ ಹೋದೆ. ಮೂವರು ಗಂಡಸರು ರೈಲುಹಳಿಯ ಟ್ರಾಲಿಯಲ್ಲಿ ಕುಳಿತು ನಿಷೇಧಿತ ವಲಯವನ್ನು ಪ್ರವೇಶಿಸುವವರೆಗೆ ಅದು ನನ್ನನ್ನು ಹಿಡಿದಿಟ್ಟಿತು. ಆಮೇಲಿನ ಅವರ ದೀರ್ಘ ಸಂವಾದಗಳ ಜೊತೆ ನನಗೆ ಸಾಗಲಾಗಲಿಲ್ಲ.

ಈ ಎರಡು ಹೆಸರುಗಳ ನಡುವೆ ಅರ್ಧ ಶತಮಾನದ ಸಿನಿಮಾ ಇದೆಯಲ್ಲವೇ? ಅದರೊಳಗೆ ಎಲ್ಲಿಂದ ಕಾಲಿಡುವುದು ಒಳ್ಳೆಯದು? ಜೊತೆಗೆ ಇನ್ನೊಂದು ಸಂದೇಹವೂ ಇದೆ: ಸೋವಿಯತ್ ಕಾಲದ ಚಿತ್ರಗಳೆಲ್ಲ ಸರ್ಕಾರದ ಹಣದಿಂದ ತಯಾರಾದವು ಎಂದ ಮೇಲೆ, ಅವುಗಳಲ್ಲಿ ಪ್ರಚಾರವನ್ನೂ ಕಲೆಯನ್ನೂ ಬೇರ್ಪಡಿಸಿ ನೋಡುವುದು ಹೇಗೆ?

ಹಳೆಯ ರೀಲು:

ನಿಮ್ಮ ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಸ್ಟಾಲಿನ್ ಕಾಲದಿಂದ ಮುಂದೆ ಅಲ್ಲಿ ಚಿತ್ರಕಥೆಗೆ ಒಪ್ಪಿಗೆ, ಹಣ, ಕಚ್ಚಾ ಫಿಲ್ಮು, ಬಿಡುಗಡೆ ಎಲ್ಲವೂ ಸರ್ಕಾರದ ಕೈಯಲ್ಲಿದ್ದವು; ಆದ್ದರಿಂದ ಪ್ರಚಾರದ ಚಿತ್ರಗಳು ಧಾರಾಳವಾಗಿ ಬಂದವು. ಆದರೆ ಆ ವ್ಯವಸ್ಥೆಗೆ ಒಂದೇ ಮುಖವಿರಲಿಲ್ಲ. ನಿಮಗೆ ಹಿಡಿಸದ 'ಸ್ಟಾಕರ್' ಚಿತ್ರದ ಮೊದಲ ಸುತ್ತಿನ ಫಿಲ್ಮು ಸಂಸ್ಕರಣೆಯಲ್ಲಿ ಹಾಳಾದಾಗ, ಬಹುಪಾಲನ್ನು ಮತ್ತೊಮ್ಮೆ ಚಿತ್ರಿಸಲು ಹಣ ಕೊಟ್ಟದ್ದು ಅದೇ ಸರ್ಕಾರ. 1966ರಲ್ಲೇ ಸಿದ್ಧವಾಗಿದ್ದ ತಾರ್ಕೋವ್‌ಸ್ಕಿಯವರದೇ 'ಆಂದ್ರೇಯ್ ರುಬ್ಲ್ಯೋವ್' ಚಿತ್ರವನ್ನು 1971ರವರೆಗೆ ತನ್ನ ಪ್ರೇಕ್ಷಕರಿಗೆ ತೋರಿಸದೆ ತಡೆದದ್ದೂ ಅದೇ ಸರ್ಕಾರ. ಅಲೆಕ್ಸಾಂಡರ್ ಅಸ್ಕೋಲ್ದೊವ್ 1967ರಲ್ಲಿ ಮುಗಿಸಿದ 'ಕಮಿಸ್ಸಾರ್' ಗೋರ್ಬಚೋವ್ ಆಡಳಿತ ಬರುವವರೆಗೆ ಬೆಳಕು ಕಾಣಲಿಲ್ಲ, ಆ ನಿರ್ದೇಶಕನಿಗೆ ಮತ್ತೊಂದು ಕಥಾಚಿತ್ರ ಮಾಡುವ ಅವಕಾಶವೂ ದೊರೆಯಲಿಲ್ಲ. ಹೀಗಾಗಿ ಹಣ ಯಾರದು ಎಂಬುದಕ್ಕಿಂತ, ಚಿತ್ರ ಯಾವ ವರ್ಷದ್ದು ಎಂಬುದು ನೋಡುಗನಿಗೆ ಹೆಚ್ಚಿನದನ್ನು ತಿಳಿಸುತ್ತದೆ ಎಂದು ನನ್ನ ಅಭಿಪ್ರಾಯ.

ವರ್ಷದ ಲೆಕ್ಕದಲ್ಲಿ ನೋಡಿದರೆ ಬಾಗಿಲು ತಾನಾಗಿಯೇ ಕಾಣುತ್ತದೆ. 1953ರಲ್ಲಿ ಸ್ಟಾಲಿನ್ ತೀರಿಕೊಂಡರು. 1956ರಲ್ಲಿ ಸೋವಿಯತ್ ನಾಯಕ ಕ್ರುಶ್ಚೇವ್ ಕಮ್ಯುನಿಸ್ಟ್ ಪಕ್ಷದ ಮಹಾಧಿವೇಶನದಲ್ಲಿ ಸ್ಟಾಲಿನ್ ಆರಾಧನೆಯನ್ನು ಖಂಡಿಸಿದರು. 1957ರಲ್ಲಿ ಮಿಖಾಯಿಲ್ ಕಲಾತೋಜೊವ್ ಅವರ 'ದಿ ಕ್ರೇನ್ಸ್ ಆರ್ ಫ್ಲೈಯಿಂಗ್' ಬಂದಿತು. ಎರಡನೆಯ ಮಹಾಯುದ್ಧದ ಕುರಿತ ಅದುವರೆಗಿನ ಚಿತ್ರಗಳಲ್ಲಿ ಎದ್ದು ಕಾಣುತ್ತಿದ್ದದ್ದು ಸೇನಾಪತಿಗಳು, ಭೂಪಟಗಳು, ವಿಜಯೋತ್ಸವ. ಇಲ್ಲಿ ಕಥೆಯ ಕೇಂದ್ರದಲ್ಲಿರುವವಳು ಮಾಸ್ಕೋದಲ್ಲಿ ಉಳಿದುಹೋದ ವೆರೋನಿಕಾ. ಅದೂ, ತನ್ನ ಪ್ರಿಯಕರ ಯುದ್ಧಭೂಮಿಯಲ್ಲಿರುವಾಗ ಅವನ ಸೋದರಸಂಬಂಧಿಯನ್ನು ಮದುವೆಯಾಗಿಬಿಡುವ ಹೆಣ್ಣು. ಚಿತ್ರ ಅವಳನ್ನು ದೂರುವುದಿಲ್ಲ, ಅವಳ ಪರವಾಗಿ ವಾದವನ್ನೂ ಹೂಡುವುದಿಲ್ಲ. ಆ ಕಾಲಕ್ಕೆ ಅದು ಸಣ್ಣ ಧೈರ್ಯವಾಗಿರಲಿಲ್ಲ.

ಇನ್ನು ಛಾಯಾಗ್ರಾಹಕ ಸೆರ್ಗೆಯ್ ಉರುಸೆವ್‌ಸ್ಕಿ ಅವರ ಕೆಲಸ. ಸೈನಿಕರನ್ನು ಬೀಳ್ಕೊಡುವ ಸನ್ನಿವೇಶದಲ್ಲಿ ಕ್ಯಾಮೆರಾ ಮೊದಲು ಬಸ್ಸಿನೊಳಗೆ ವೆರೋನಿಕಾಳ ಪಕ್ಕದಲ್ಲಿರುತ್ತದೆ. ಅವಳು ಇಳಿದಾಗ ತಾನೂ ಇಳಿಯುತ್ತದೆ, ಜನಜಂಗುಳಿಯಲ್ಲಿ ಅವಳ ಹಿಂದೆಯೇ ನುಗ್ಗುತ್ತದೆ, ಆಮೇಲೆ ಒಂದೇ ಓಟದಲ್ಲಿ ಮೇಲಕ್ಕೇರಿ, ಟ್ಯಾಂಕುಗಳ ಸಾಲಿನ ನಡುವೆ ದಾಟಿ ಓಡುವ ಪುಟ್ಟ ಆಕೃತಿಯಾಗಿ ಅವಳನ್ನು ತೋರಿಸುತ್ತದೆ. ನಡುವೆ ಎಲ್ಲಿಯೂ ಕತ್ತರಿಯಿಲ್ಲ. ನಡೆಯುತ್ತಲೇ ಕ್ಯಾಮೆರಾ ಅಲುಗದಂತೆ ಹಿಡಿಯಲು ನೆರವಾಗುವ ಸ್ಟೆಡಿಕ್ಯಾಮ್ ಎಂಬ ಉಪಕರಣ ಹುಟ್ಟುವುದಕ್ಕೆ ಇನ್ನೂ ಎಷ್ಟೋ ವರ್ಷಗಳಿದ್ದವು ಎಂಬುದನ್ನು ನೆನಪಿಟ್ಟುಕೊಂಡು ಆ ಷಾಟ್ ಅನ್ನು ಮತ್ತೊಮ್ಮೆ ನೋಡಿ. 1958ರ ಕಾನ್ ಉತ್ಸವದಲ್ಲಿ ಇದಕ್ಕೆ ಅಲ್ಲಿನ ಅತ್ಯುನ್ನತ ಪ್ರಶಸ್ತಿಯಾದ ಪಾಮ್ ದೋರ್ ಸಂದಿತು.

ಇದರ ಬೆನ್ನಿಗೇ ಗ್ರಿಗೋರಿ ಚುಖ್ರಾಯ್ ಅವರ 'ಬ್ಯಾಲಡ್ ಆಫ್ ಎ ಸೋಲ್ಜರ್' (1959) ನೋಡಿ. ಹತ್ತೊಂಬತ್ತರ ಹುಡುಗ ಅಲ್ಯೋಷಾ ಎರಡು ಟ್ಯಾಂಕುಗಳನ್ನು ಹೊಡೆದುರುಳಿಸಿ, ಪದಕದ ಬದಲು ಅಮ್ಮನನ್ನು ನೋಡಿ ಮನೆಯ ಚಾವಣಿ ಸರಿಪಡಿಸಿ ಬರಲು ರಜೆ ಕೇಳುತ್ತಾನೆ. ಸಿಕ್ಕ ಆರು ದಿನಗಳು ದಾರಿಯಲ್ಲಿ ಸಿಕ್ಕವರ ಕಷ್ಟಗಳಿಗೇ ಕರಗುತ್ತವೆ. ಅವನು ಯುದ್ಧದಿಂದ ಹಿಂದಿರುಗುವುದಿಲ್ಲ ಎಂಬುದನ್ನು ಚಿತ್ರ ಆರಂಭದಲ್ಲೇ ಹೇಳಿಬಿಡುತ್ತದೆ. ಹಾಗಾಗಿ ಒಬ್ಬ ಸೈನಿಕ ತನ್ನ ಹೆಂಡತಿಗೆಂದು ಕಳಿಸಿಕೊಟ್ಟ ಸಾಬೂನಿನ ಎರಡು ತುಂಡುಗಳು ಯಾರ ಕೈ ಸೇರುತ್ತವೆ ಎಂಬಂಥ ಸಣ್ಣ ಸಂಗತಿಗೂ ನಾವು ಉಸಿರು ಹಿಡಿದು ಕಾಯುತ್ತೇವೆ. ಚುಖ್ರಾಯ್ ಸ್ವತಃ ಆ ಯುದ್ಧದಲ್ಲಿ ಕಾದಾಡಿ ಗಾಯಗೊಂಡವರು. ಅಷ್ಟಾಗಿಯೂ ಚಿತ್ರದಲ್ಲಿ ಕಾಳಗ ಇರುವುದು ಕೆಲವೇ ನಿಮಿಷ.

ತಾರ್ಕೋವ್‌ಸ್ಕಿಯವರನ್ನು ಪೂರ್ತಿ ಬಿಡಬೇಡಿ. ಈ ಎರಡು ಚಿತ್ರಗಳ ನಂತರ ಅವರ ಮೊದಲ ಕಥಾಚಿತ್ರ 'ಇವಾನ್ಸ್ ಚೈಲ್ಡ್‌ಹುಡ್' (1962) ನೋಡಿದರೆ, ಅದು ಇದೇ ಯುದ್ಧದ, ಇದೇ ತಲೆಮಾರಿನ ಕಥೆಯೆಂದು ಗೊತ್ತಾಗುತ್ತದೆ. ಕನಸುಗಳು ಎಲ್ಲಿಂದ ಒಳನುಗ್ಗುತ್ತವೆ ಎಂಬುದೂ ಕಾಣುತ್ತದೆ. 'ಸ್ಟಾಕರ್' ಕಡೆಯಲ್ಲಿರಲಿ.

ಸಂಜೆಯ ಆಟ:

ಮೇಲಿನ ಉತ್ತರದಲ್ಲಿ ತಪ್ಪೇನೂ ಇಲ್ಲ. ಆದರೂ ಒಂದು ತಕರಾರು: ನಮ್ಮಲ್ಲಿ ರಷ್ಯನ್ ಸಿನಿಮಾ ಎಂದರೆ ಯುದ್ಧ, ಹಿಮ, ಮೌನ ಎನ್ನುವಂತಾಗಿದೆ. ಉತ್ಸವಗಳಿಗೆ ಬಂದದ್ದನ್ನಷ್ಟೇ ನಾವು ನೋಡಿದ್ದರ ಫಲವಿದು. ರಷ್ಯನ್ನರು ಮನೆಯಲ್ಲಿ ಕುಳಿತು ಮತ್ತೆ ಮತ್ತೆ ನೋಡಿ, ಸಂಭಾಷಣೆಗಳನ್ನು ಬಾಯಿಪಾಠ ಮಾಡಿಕೊಂಡಿರುವ ಚಿತ್ರಗಳಲ್ಲಿ ಬಹುಪಾಲು ಹಾಸ್ಯಚಿತ್ರಗಳು.

ಎಲ್ದಾರ್ ರ‍್ಯಜಾನೊವ್ ಅವರ 'ದಿ ಐರನಿ ಆಫ್ ಫೇಟ್' ಚಿತ್ರವನ್ನೇ ತೆಗೆದುಕೊಳ್ಳಿ. 1976ರ ಜನವರಿ 1ರಂದು ದೂರದರ್ಶನದಲ್ಲಿ ಮೊದಲು ಪ್ರಸಾರವಾದ ಈ ಚಿತ್ರವನ್ನು ಹೊಸವರ್ಷದ ಸಮಯದಲ್ಲಿ ನೋಡುವುದು ಅಲ್ಲಿ ರೂಢಿಯೇ ಆಗಿಹೋಗಿದೆ. ಮಾಸ್ಕೋದ ವೈದ್ಯನೊಬ್ಬ ಗೆಳೆಯರೊಡನೆ ಸಾರ್ವಜನಿಕ ಸ್ನಾನಗೃಹದಲ್ಲಿ ಕಂಠಪೂರ್ತಿ ಕುಡಿದು, ತಿಳಿಯದೆಯೇ ಲೆನಿನ್‌ಗ್ರಾಡ್‌ಗೆ ವಿಮಾನದಲ್ಲಿ ಹೋಗಿಬಿಡುತ್ತಾನೆ. ಟ್ಯಾಕ್ಸಿಯವನಿಗೆ ತನ್ನ ವಿಳಾಸ ಹೇಳುತ್ತಾನೆ; ಅದೇ ಹೆಸರಿನ ಬೀದಿ ಅಲ್ಲಿಯೂ ಇದೆ, ಅದೇ ಬಗೆಯ ಕಟ್ಟಡವಿದೆ, ಅವನ ಬೀಗದಕೈ ಅಲ್ಲಿನ ಬಾಗಿಲಿಗೂ ಹೊಂದುತ್ತದೆ. ದೇಶದ ಉದ್ದಗಲಕ್ಕೂ ಒಂದೇ ಅಚ್ಚಿನ ವಸತಿ ಸಮುಚ್ಚಯಗಳನ್ನು ಕಟ್ಟಿದ ಸರ್ಕಾರವನ್ನು, ಅದೇ ಸರ್ಕಾರದ ದೂರದರ್ಶನದಲ್ಲಿ, ಇಷ್ಟು ನಯವಾಗಿ ಗೇಲಿ ಮಾಡಿದ್ದನ್ನು ನೋಡಿದರೆ ನದೀತೀರ ಅವರ ಪ್ರಚಾರದ ಪ್ರಶ್ನೆಗೂ ಅರ್ಧ ಉತ್ತರ ಸಿಗುತ್ತದೆ. ನಡುನಡುವೆ ಗಿಟಾರಿನೊಂದಿಗೆ ಬರುವ ಹಾಡುಗಳಲ್ಲಿ ಪಾಸ್ತರ್ನಾಕ್, ತ್ಸ್ವೆತಾಯೆವಾ ಅವರ ಕವಿತೆಗಳಿವೆ. ಜನಪ್ರಿಯ ಚಿತ್ರವೊಂದರಲ್ಲಿ ಇಂಥ ಕಾವ್ಯ ಇಷ್ಟು ಸಲೀಸಾಗಿ ಕೂರುವುದನ್ನು ಕಂಡು ನನಗೆ ಹೊಟ್ಟೆಕಿಚ್ಚಾದದ್ದುಂಟು.

ಇದು ಮೂರು ಗಂಟೆಯ ಚಿತ್ರ. ಅಷ್ಟು ಸಮಯವಿಲ್ಲದಿದ್ದರೆ ಗಿಯೋರ್ಗಿ ದನೇಲಿಯಾ ಅವರ 'ಆಟಮ್ ಮ್ಯಾರಥಾನ್' (1979) ನೋಡಿ. ಲೆನಿನ್‌ಗ್ರಾಡಿನ ಅನುವಾದಕನೊಬ್ಬನಿಗೆ ಯಾರಿಗೂ 'ಆಗುವುದಿಲ್ಲ' ಎನ್ನಲು ಬರುವುದಿಲ್ಲ. ಹೆಂಡತಿಗೂ, ಪ್ರೇಯಸಿಗೂ, ಕಚೇರಿಗೂ, ಬೆಳಗಿನ ಓಟಕ್ಕೆ ಕರೆಯುವ ಡೆನ್ಮಾರ್ಕಿನ ಪ್ರಾಧ್ಯಾಪಕನಿಗೂ ಒಪ್ಪಿಕೊಳ್ಳುತ್ತ ಹೋಗುತ್ತಾನೆ. ನಗಿಸುತ್ತಲೇ ಇರುವ ಚಿತ್ರ ಯಾವ ಗಳಿಗೆಯಲ್ಲಿ ಅಳಿಸಲಾರಂಭಿಸಿತು ಎಂದು ಹೇಳುವುದು ಕಷ್ಟ. ಯುದ್ಧಚಿತ್ರಗಳಿಗಿಂತ ಮೊದಲು ಇವುಗಳನ್ನು ನೋಡಿದರೆ ಆ ಜನ ಹೇಗೆ ಮಾತನಾಡುತ್ತಾರೆ, ಎಂಥ ಮನೆಗಳಲ್ಲಿ ಇರುತ್ತಾರೆ ಎಂಬುದಾದರೂ ಪರಿಚಯವಾಗುತ್ತದೆ.

ನದೀತೀರ:

ಇಬ್ಬರಿಗೂ ವಂದನೆಗಳು. 'ಬ್ಯಾಲಡ್ ಆಫ್ ಎ ಸೋಲ್ಜರ್' ನೋಡಿ ಮುಗಿಸಿದ್ದೇನೆ. ಸಾಬೂನಿನ ಪ್ರಸಂಗದ ಬಗ್ಗೆ ಹೇಳಿದ್ದು ಅಕ್ಷರಶಃ ನಿಜ. ಮಹಿಳಾ ನಿರ್ದೇಶಕರ ಹೆಸರು ಇದುವರೆಗೆ ಬಂದಿಲ್ಲವಲ್ಲ, ಯಾರಾದರೂ ಇದ್ದಾರೆಯೇ? 'ಕಮ್ ಅಂಡ್ ಸೀ' ಚಿತ್ರವನ್ನು ಎಲ್ಲರೂ ಹೊಗಳುತ್ತಾರೆ, ಅದನ್ನು ಈಗಲೇ ನೋಡಬಹುದೇ?

ಮುಳುಗಡೆಯ ಊರು:

ನಿಮ್ಮ ಎರಡೂ ಪ್ರಶ್ನೆಗಳಿಗೆ ಉತ್ತರ ಒಂದೇ ಮನೆಯಲ್ಲಿದೆ. ಲಾರಿಸಾ ಶೆಪಿತ್ಕೊ ಮತ್ತು ಎಲೆಮ್ ಕ್ಲೀಮೊವ್ ಗಂಡ-ಹೆಂಡತಿ, ಇಬ್ಬರೂ ನಿರ್ದೇಶಕರು.

ಶೆಪಿತ್ಕೊ ಅವರ 'ದಿ ಅಸೆಂಟ್' 1977ರ ಬರ್ಲಿನ್ ಉತ್ಸವದಲ್ಲಿ ಅತ್ಯುನ್ನತ ಪ್ರಶಸ್ತಿಯಾದ ಗೋಲ್ಡನ್ ಬೇರ್ ಪಡೆಯಿತು. ನಾಜಿ ಆಕ್ರಮಣದಲ್ಲಿದ್ದ ಬೆಲರೂಸಿನ ಹಿಮದಲ್ಲಿ ಆಹಾರ ಹುಡುಕಿ ಹೊರಟ ಇಬ್ಬರು ಗೆರಿಲ್ಲಾ ಹೋರಾಟಗಾರರು ಸೆರೆ ಸಿಕ್ಕುತ್ತಾರೆ. ದೇಹದಲ್ಲಿ ಗಟ್ಟಿಯಾಗಿದ್ದವನು ಶತ್ರುವಿನ ಪೊಲೀಸನಾಗಿ ಬದುಕಿಕೊಳ್ಳುತ್ತಾನೆ. ಕೆಮ್ಮುತ್ತ ತೆವಳುತ್ತಿದ್ದ ದುರ್ಬಲನು ನೇಣಿಗೇರುತ್ತಾನೆ. ಚಿತ್ರದ ದ್ವಿತೀಯಾರ್ಧ ಸೈನಿಕರ ಕಥೆಗಿಂತ ಕ್ರಿಸ್ತನ ಶಿಲುಬೆಯೇರಿಕೆಗೆ ಹತ್ತಿರವಾಗಿದೆ. ದೇವರನ್ನು ಒಪ್ಪದ ಆಡಳಿತದ ಕೆಳಗೆ ಇದು ಹೇಗೆ ಹೊರಬಂದಿತೋ ಎಂದು ಈಗಲೂ ಅಚ್ಚರಿಯಾಗುತ್ತದೆ.

1979ರಲ್ಲಿ, ಮುಂದಿನ ಚಿತ್ರದ ಕೆಲಸದಲ್ಲಿದ್ದಾಗಲೇ, ಶೆಪಿತ್ಕೊ ಕಾರು ಅಪಘಾತದಲ್ಲಿ ತೀರಿಕೊಂಡರು. ಆ ಚಿತ್ರವನ್ನು ಕ್ಲೀಮೊವ್ 'ಫೇರ್‌ವೆಲ್' ಎಂಬ ಹೆಸರಿನಲ್ಲಿ ಪೂರ್ಣಗೊಳಿಸಿದರು. ಕನ್ನಡ ಓದುಗರು ತಪ್ಪದೆ ನೋಡಬೇಕಾದ ಚಿತ್ರವಿದು ಎಂದು ನಾನು ಒತ್ತಿ ಹೇಳುತ್ತೇನೆ. ವಲೆಂತಿನ್ ರಾಸ್ಪುತಿನ್ ಅವರ ಕಾದಂಬರಿಯನ್ನು ಆಧರಿಸಿದ ಇದರಲ್ಲಿ, ಸೈಬೀರಿಯಾದ ಅಂಗಾರಾ ನದಿಯ ನಡುಗಡ್ಡೆಯ ಹಳ್ಳಿಯೊಂದು ಜಲವಿದ್ಯುತ್ ಯೋಜನೆಗಾಗಿ ಮುಳುಗಲಿದೆ. ಸುಟ್ಟುಹಾಕಲಿರುವ ಮನೆಗೆ ಮುದುಕಿ ದಾರ್ಯಾ ಸುಣ್ಣ ಬಳಿದು ಸಿಂಗರಿಸುತ್ತಾಳೆ. ಶರಾವತಿಯ ಹಿನ್ನೀರಿನಲ್ಲಿ ಊರು ಕಳೆದುಕೊಂಡವರ ನಡುವೆ ಬೆಳೆದ ನನ್ನಂಥವರಿಗೆ ನಾ. ಡಿಸೋಜ ಅವರ 'ದ್ವೀಪ', ಅದನ್ನು ಆಧರಿಸಿ ಗಿರೀಶ ಕಾಸರವಳ್ಳಿ ಮಾಡಿದ ಚಿತ್ರ ಕೂಡಲೇ ನೆನಪಾಗುತ್ತವೆ. ಆದರೆ ಎರಡೂ ಚಿತ್ರಗಳ ದೃಷ್ಟಿ ಬೇರೆ. 'ದ್ವೀಪ'ದಲ್ಲಿ ಮನೆಯೊಳಗಿನ ಮೂರ್ನಾಲ್ಕು ಜನರ ಸಂಬಂಧಗಳು ನೀರಿನ ಜೊತೆಗೇ ಏರಿಳಿಯುತ್ತವೆ, ನಾಗಿಯ ಒಂಟಿ ಹೋರಾಟಕ್ಕೆ ಯಾರ ಸಾಕ್ಷಿಯೂ ಇಲ್ಲ. 'ಫೇರ್‌ವೆಲ್' ಇಡೀ ಊರಿನ ಶೋಕವನ್ನು ಸಾಮೂಹಿಕ ವಿಧಿಯಂತೆ ಆಚರಿಸುತ್ತದೆ. ನನಗೆ ಕಾಸರವಳ್ಳಿಯವರ ಸಂಯಮವೇ ಹೆಚ್ಚು ಪ್ರಿಯ. ಆದರೂ, ಯಾವ ಕೊಡಲಿಗೂ ಬೆಂಕಿಗೂ ಬಗ್ಗದ ಆ ಬೃಹತ್ ಮರದ ದೃಶ್ಯಕ್ಕೆ ಸಮನಾದದ್ದು ನಮ್ಮಲ್ಲಿ ಇಲ್ಲ.

'ಕಮ್ ಅಂಡ್ ಸೀ' (1985) ಕ್ಲೀಮೊವ್ ಅವರ ಕೊನೆಯ ಚಿತ್ರ. ನಾಜಿಗಳು ಜನರ ಸಮೇತ ಸುಟ್ಟುಹಾಕಿದ ಬೆಲರೂಸಿನ 628 ಹಳ್ಳಿಗಳನ್ನು ಚಿತ್ರದ ಕೊನೆಯ ಬರಹ ನೆನೆಯುತ್ತದೆ. ಫ್ಲ್ಯೋರಾ ಎಂಬ ಹುಡುಗನ ಮುಖ ಚಿತ್ರ ಮುಗಿಯುವಷ್ಟರಲ್ಲಿ ಮುದುಕನದಾಗುತ್ತದೆ. ಮನೆಮಂದಿಯೊಡನೆ ಕುಳಿತು ನೋಡುವ ಚಿತ್ರ ಖಂಡಿತ ಅಲ್ಲ. 'ದಿ ಅಸೆಂಟ್' ನೋಡಿದ ಮೇಲೆ ಸ್ವಲ್ಪ ಕಾಲ ಬಿಟ್ಟು ನೋಡಿ.

ಒಂದು ಸೂಚನೆ: ಇವರೆಲ್ಲರನ್ನೂ ರಷ್ಯನ್ ಎಂದುಬಿಡುವುದು ಸರಿಯಲ್ಲ. ಶೆಪಿತ್ಕೊ ಉಕ್ರೇನಿನಲ್ಲಿ ಹುಟ್ಟಿದವರು, 'ದಿ ಅಸೆಂಟ್' ಚಿತ್ರದ ಮೂಲಕಥೆ ಬೆಲರೂಸಿನ ವಸೀಲ್ ಬೀಕೊವ್ ಅವರದು, ದನೇಲಿಯಾ ಜಾರ್ಜಿಯಾ ಮೂಲದವರು.

ಹಳೆಯ ರೀಲು:

ಕೊನೆಯ ಮಾತನ್ನು ಒಪ್ಪುತ್ತೇನೆ; ಕಲಾತೋಜೊವ್ ಕೂಡ ಜಾರ್ಜಿಯಾದವರೇ. ಚಿತ್ರಗಳು ಎಲ್ಲಿ ಸಿಗುತ್ತವೆ ಎಂಬುದನ್ನೂ ಹೇಳಿಬಿಡುತ್ತೇನೆ. ಮೋಸ್‌ಫಿಲ್ಮ್ ಸಂಸ್ಥೆ ತನ್ನ ಯೂಟ್ಯೂಬ್ ವಾಹಿನಿಯಲ್ಲಿ ಹಳೆಯ ಚಿತ್ರಗಳನ್ನು ಉಚಿತವಾಗಿ ಇರಿಸಿದೆ, ಹಲವಕ್ಕೆ ಇಂಗ್ಲಿಷ್ ಅಡಿಬರಹಗಳೂ ಇವೆ. ಅಡಿಬರಹ ಓದುತ್ತ ಮುಖಗಳನ್ನು ನೋಡುವುದೇ ತಪ್ಪಿಹೋಗುತ್ತದೆ ಎನ್ನುವವರು ಗ್ರಿಗೋರಿ ಕೋಜಿಂತ್ಸೆವ್ ಅವರ 'ಹ್ಯಾಮ್ಲೆಟ್' (1964) ಚಿತ್ರದಿಂದ ಆರಂಭಿಸಬಹುದು. ಕಥೆ ಗೊತ್ತಿರುವುದೇ, ಪಾಸ್ತರ್ನಾಕ್ ಅನುವಾದ, ಶೊಸ್ತಕೋವಿಚ್ ಸಂಗೀತ. ಸ್ಮೊಕ್ತುನೊವ್‌ಸ್ಕಿ ಅವರ ಹ್ಯಾಮ್ಲೆಟ್‌ನನ್ನು ನೋಡುವಾಗ ಕಣ್ಣು ಕೆಳಗಿನ ಸಾಲಿಗೆ ಇಳಿಯುವ ಅಗತ್ಯವೇ ಬೀಳುವುದಿಲ್ಲ.