ಎಲ್ಲ ವಿಷಯವೂ ಬರೆದಾಗಿದೆ ಅನಿಸಿದಾಗ ಹೊಸ ಲೇಖನಕ್ಕೆ ವಿಷಯ ಹುಡುಕುವುದು ಹೇಗೆ?

ಹಸಿರುಪುಟ:
ನಮಸ್ಕಾರ. ಕುಂಡದಲ್ಲಿ ಗಿಡ ಬೆಳೆಸುವ ಬಗ್ಗೆ ವಾರಕ್ಕೊಂದು ಲೇಖನ ಹಾಕುವ ತಾಣ ನನ್ನದು. ಮಣ್ಣು, ನೀರು, ಗೊಬ್ಬರ, ಕೀಟ, ಬಿಸಿಲು ಎಲ್ಲದರ ಬಗ್ಗೆಯೂ ಒಂದು ಸುತ್ತು ಬರೆದಾಗಿದೆ. ಈಗ ಏನು ಎತ್ತಿಕೊಂಡರೂ ಹಳೆಯದನ್ನೇ ಮತ್ತೆ ಹೇಳಿದಂತಾಗುತ್ತದೆ. ಎಐಗೆ ಕೇಳಿದರೆ ‘ಮನೆಯೊಳಗೆ ಇಡಲು ಹತ್ತು ಗಿಡಗಳು’ ಥರದ ಪಟ್ಟಿಯೇ ಬರುತ್ತದೆ. ವಿಷಯ ಹುಡುಕಲು ಏನಾದರೂ ಕ್ರಮ ಇದೆಯೇ?

ಕರಡುಪ್ರತಿ:
ಈಗಾಗಲೇ ಇರುವ ಲೇಖನಗಳಿಂದಲೇ ಶುರು ಮಾಡಿ. ಒಂದನ್ನು ಪ್ರಿಂಟ್ ತೆಗೆದು, ಅದರಲ್ಲಿರುವ ಪ್ರತಿ ಸಲಹೆಯ ಪಕ್ಕದಲ್ಲಿ ಮೂರು ಪ್ರಶ್ನೆ ಬರೆಯಿರಿ: ಯಾಕೆ? ಯಾವಾಗ ಈ ಸಲಹೆ ನಡೆಯುವುದಿಲ್ಲ? ತಪ್ಪಿದರೆ ಗಿಡ ಹೇಗೆ ಕಾಣುತ್ತದೆ?

ಹೆಚ್ಚು ವಿಷಯ ಸಿಗುವುದು ಮೂರನೆಯದರಲ್ಲಿ. ಓದುಗರಿಗೆ ರೋಗದ ಹೆಸರು ಗೊತ್ತಿರುವುದಿಲ್ಲ, ಕಣ್ಣಿಗೆ ಕಂಡ ಲಕ್ಷಣ ಮಾತ್ರ ಗೊತ್ತಿರುತ್ತದೆ. ‘ಎಲೆ ಹಳದಿಯಾಗಿದೆ’ ಎನ್ನುವ ಒಂದು ಮಾತು ತೆಗೆದುಕೊಳ್ಳಿ. ಕೆಳಗಿನ ಹಳೆ ಎಲೆ ಮೊದಲು ಹಳದಿಯಾದರೆ ಸಾರಜನಕದ ಕೊರತೆ ಇರಬಹುದು. ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆಯನ್ನು ಅನುಮಾನಿಸಬೇಕು. ಮಣ್ಣು ಒದ್ದೆಯಿದ್ದೂ ಗಿಡ ಬಾಡಿದ್ದರೆ ಗಾಳಿಯಿಲ್ಲದೆ ಬೇರು ಕೊಳೆಯುತ್ತಿರುವ ಸಾಧ್ಯತೆ ಇದೆ. ಇಲ್ಲಿಗೇ ಮೂರು ಲೇಖನವಾಯಿತು. ಸಾರಜನಕ ಹಳೆ ಎಲೆಯಿಂದ ಚಿಗುರಿಗೆ ಸಾಗುತ್ತದೆ, ಕಬ್ಬಿಣ ಹಾಗೆ ಸುಲಭವಾಗಿ ಸಾಗುವುದಿಲ್ಲ. ಆ ಕಾರಣವನ್ನು ಬಿಡಿಸಿ ಹೇಳಿದರೆ ನಾಲ್ಕನೆಯದು.

ಅಂಕಿನೋಟ:
ಸ್ವಂತ ತಾಣವಿದ್ದರೆ ಗೂಗಲ್ ಸರ್ಚ್ ಕನ್ಸೋಲ್ (ನಿಮ್ಮ ತಾಣ ಗೂಗಲ್ ಹುಡುಕಾಟದಲ್ಲಿ ಹೇಗೆ ಕಾಣಿಸುತ್ತಿದೆ ಎಂದು ತೋರಿಸುವ ಗೂಗಲ್‌ನದೇ ಸಾಧನ) ನೋಡದೆ ವಿಷಯ ಹುಡುಕಲು ಹೋಗಬೇಡಿ. ಪರ್ಫಾರ್ಮೆನ್ಸ್ ವರದಿ ತೆರೆದು ಅವಧಿಯನ್ನು 16 ತಿಂಗಳಿಗೆ ಇಡಿ, ಅದಕ್ಕಿಂತ ಹಿಂದಿನ ಮಾಹಿತಿ ಅಲ್ಲಿ ಸಿಗುವುದಿಲ್ಲ. ‘ಸರಾಸರಿ ಸ್ಥಾನ’ಕ್ಕೆ ಟಿಕ್ ಹಾಕಿ. ಕ್ವೆರೀಸ್ (ಜನ ಹುಡುಕಿದ ಪದಗಳ) ಪಟ್ಟಿಯಲ್ಲಿ ಸ್ಥಾನದ ಸಂಖ್ಯೆ 8ಕ್ಕಿಂತ ಹೆಚ್ಚಿರುವುದನ್ನು, ಅಂದರೆ ಫಲಿತಾಂಶದಲ್ಲಿ ಕೆಳಗಿರುವುದನ್ನು ಮಾತ್ರ ಸೋಸಿ, ಇಂಪ್ರೆಷನ್ (ಫಲಿತಾಂಶದಲ್ಲಿ ಎಷ್ಟು ಸಲ ಕಾಣಿಸಿತು) ಪ್ರಕಾರ ಇಳಿಕೆಯ ಕ್ರಮದಲ್ಲಿ ಜೋಡಿಸಿ. ಜನ ಹುಡುಕುತ್ತಿದ್ದಾರೆ, ನಿಮ್ಮ ಪುಟವೂ ಎಲ್ಲೋ ಕೆಳಗೆ ಕಾಣಿಸುತ್ತಿದೆ, ಆದರೆ ಸರಿಯಾದ ಉತ್ತರ ಅಲ್ಲಿಲ್ಲ ಎನ್ನುವಂಥ ಪ್ರಶ್ನೆಗಳು ಮೇಲೆ ಬರುತ್ತವೆ.

ಪ್ರಶ್ನೆಗಳನ್ನೇ ಬೇರ್ಪಡಿಸಲು ರೆಜೆಕ್ಸ್ ಫಿಲ್ಟರ್‌ನಲ್ಲಿ (ಹಲವು ಪದಗಳಲ್ಲಿ ಯಾವುದಿದ್ದರೂ ಹಿಡಿಯುವ ಸೋಸುವಿಕೆ, ನಡುವಿನ | ಎಂದರೆ ‘ಅಥವಾ’) ಹೇಗೆ|ಯಾಕೆ|ಏಕೆ|ಎಷ್ಟು|ಯಾವಾಗ ಎಂದು ಹಾಕಿ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಹುಡುಕುವವರೂ ಬಹಳ, ಆ ರೂಪಗಳನ್ನೂ ಸೇರಿಸಿ. ಪಟ್ಟಿ 1,000 ಸಾಲಿಗೆ ನಿಲ್ಲುತ್ತದೆ. ತಾಣ ದೊಡ್ಡದಿದ್ದರೆ ಒಂದೊಂದೇ ಪುಟವನ್ನು ಸೋಸಿ ನೋಡಿ.

ಇನ್ನು ಬಹಳ ಜನ ಎಡವುವ ಜಾಗ. ಒಳ್ಳೆಯ ಪ್ರಶ್ನೆ ಕಂಡ ತಕ್ಷಣ ಹೊಸ ಲೇಖನ ಬರೆಯಬೇಡಿ. ಪ್ರಶ್ನೆಯ ಮೇಲೆ ಕ್ಲಿಕ್ ಮಾಡಿ, ಪೇಜಸ್‌ಗೆ ಹೋಗಿ, ಯಾವ ಪುಟ ಕಾಣಿಸುತ್ತಿದೆ ನೋಡಿ. ಆ ಪುಟ ಇಡಿಯಾಗಿ ಅದೇ ಪ್ರಶ್ನೆಯ ಬಗ್ಗೆ ಇದ್ದರೆ ಅದನ್ನೇ ತಿದ್ದಿ ಬೆಳೆಸಿ. ಪ್ರಶ್ನೆಯ ಪ್ರಸ್ತಾಪ ಒಂದೆರಡು ಸಾಲಿಗೆ ಮುಗಿದಿದ್ದರೆ ಮಾತ್ರ ಬೇರೆ ಲೇಖನ. ಇಲ್ಲದಿದ್ದರೆ ನಿಮ್ಮದೇ ಎರಡು ಪುಟಗಳು ಒಂದೇ ಹುಡುಕಾಟಕ್ಕೆ ಪೈಪೋಟಿ ನಡೆಸುತ್ತವೆ.

ಯಾವ ಪದವನ್ನು ಜನ ಯಾವಾಗ ಹೆಚ್ಚು ಹುಡುಕುತ್ತಾರೆ ಎಂದು ತೋರಿಸುವ ಗೂಗಲ್ ಟ್ರೆಂಡ್ಸ್ ಋತುಮಾನ ತಿಳಿಯಲು ಒಳ್ಳೆಯದು. 5 ವರ್ಷದ ನಕ್ಷೆಯಲ್ಲಿ ಏರಿಕೆ ಯಾವ ತಿಂಗಳು ಶುರುವಾಗುತ್ತದೆಂದು ನೋಡಿ, ಒಂದೆರಡು ತಿಂಗಳು ಮೊದಲೇ ಲೇಖನ ಹಾಕಿ. ಅಲ್ಲಿನ 100 ಎಂದರೆ ನೂರು ಹುಡುಕಾಟ ಎಂದು ತಿಳಿಯಬೇಡಿ, ಆರಿಸಿದ ಅವಧಿಯ ಗರಿಷ್ಠ ಮಟ್ಟ ಅದು.

ಬೇರುಮಟ್ಟ:
ಅಂಕಿನೋಟ ಅವರು ಹೇಳಿದ ಕ್ರಮ ಸರಿ, ಆದರೆ ಅದರಲ್ಲಿ ಜನ ಈಗಾಗಲೇ ಕೇಳುತ್ತಿರುವುದಷ್ಟೇ ಸಿಗುತ್ತದೆ. ಯಾರೂ ಪ್ರಶ್ನಿಸದೆ ಎಲ್ಲರೂ ನಕಲು ಮಾಡುವ ಮಾತುಗಳು ಅಲ್ಲಿ ಕಾಣುವುದಿಲ್ಲ. ನನ್ನ ಪ್ರಕಾರ ನಿಜವಾದ ಹೊಸತು ಇರುವುದು ಅಂಥವುಗಳಲ್ಲೇ.

ಒಂದೇ ವಿಷಯದ ಐದಾರು ಲೇಖನ ಓದಿ. ಎಲ್ಲದರಲ್ಲೂ ಇರುವ, ಆದರೆ ಒಂದರಲ್ಲೂ ಕಾರಣ ಕೊಡದ ವಾಕ್ಯಗಳನ್ನು ಗುರುತು ಮಾಡಿ. ನಿಮ್ಮ ಕ್ಷೇತ್ರದ್ದೇ ಉದಾಹರಣೆ: ‘ನೀರು ಚೆನ್ನಾಗಿ ಬಸಿಯಲು ಕುಂಡದ ತಳಕ್ಕೆ ಕಲ್ಲು ಹಾಕಿ’. ಮಣ್ಣಿನ ವಿಜ್ಞಾನ ಇದನ್ನು ಒಪ್ಪುವುದಿಲ್ಲ. ಸಣ್ಣ ಕಣದ ಮಣ್ಣಿನಿಂದ ದಪ್ಪ ಕಲ್ಲಿನ ಪದರಕ್ಕೆ ನೀರು ಸಲೀಸಾಗಿ ಇಳಿಯುವುದಿಲ್ಲ, ಮೇಲಿನ ಮಣ್ಣು ಪೂರ್ತಿ ನೆನೆದ ಮೇಲೆಯೇ ಇಳಿಯುವುದು. ಹೀಗಾಗಿ ತಳದಲ್ಲಿರಬೇಕಾದ ಒದ್ದೆ ಪದರ ಬೇರಿನ ಹತ್ತಿರಕ್ಕೆ ಏರುತ್ತದೆ.

ಇದನ್ನು ತೋರಿಸುವುದೂ ಸುಲಭ. ಪಾತ್ರೆ ತೊಳೆಯುವ ಸ್ಪಂಜನ್ನು ಪೂರ್ತಿ ನೆನೆಸಿ, ಅಡ್ಡಡ್ಡ ಹಿಡಿದು, ತೊಟ್ಟಿಕ್ಕುವುದು ನಿಂತ ಮೇಲೆ ನೆಟ್ಟಗೆ ನಿಲ್ಲಿಸಿದರೆ ಇನ್ನಷ್ಟು ನೀರು ಸುರಿಯುತ್ತದೆ. ಎತ್ತರ ಹೆಚ್ಚಿದಷ್ಟೂ ನೀರು ಚೆನ್ನಾಗಿ ಇಳಿಯುತ್ತದೆ, ಕಲ್ಲು ಹಾಕಿದರೆ ಮಣ್ಣಿನ ಎತ್ತರ ಕಡಿಮೆಯಾಗುತ್ತದೆ. ಎತ್ತರದ ಕುಂಡ ಚೆನ್ನಾಗಿ ಬಸಿಯುವುದಕ್ಕೂ ಇದೇ ಕಾರಣ. ಮೂರು ಫೋಟೊ ತೆಗೆದರೆ ಲೇಖನ ಸಿದ್ಧ.

ಮೂಲ ಮಾಹಿತಿಗೆ ಕೃಷಿ ವಿಶ್ವವಿದ್ಯಾಲಯಗಳ ಕೈಪಿಡಿಗಳನ್ನು ನೋಡಿ. ಹುಡುಕುವ ಪದದ ಕೊನೆಗೆ ಫೈಲ್‌ಟೈಪ್, ಕೋಲನ್, ಪಿಡಿಎಫ್ ಎಂದು ಇಂಗ್ಲಿಷ್ ಅಕ್ಷರದಲ್ಲಿ ಜಾಗ ಬಿಡದೆ ಸೇರಿಸಿದರೆ ಪಿಡಿಎಫ್ ಕಡತಗಳು ಮಾತ್ರ ಬರುತ್ತವೆ, ಅವುಗಳಲ್ಲಿ ಕೈಪಿಡಿಗಳನ್ನು ಆರಿಸಿಕೊಳ್ಳಿ.

ಹಸಿರುಪುಟ:
ಎಲ್ಲರಿಗೂ ಧನ್ಯವಾದ, ಕಲ್ಲಿನ ವಿಷಯ ಖಂಡಿತ ಬರೆಯುತ್ತೇನೆ. ಇನ್ನೆರಡು ಪ್ರಶ್ನೆ. ಹೀಗೆ ಸಿಕ್ಕಿದ್ದರಲ್ಲಿ ಬರೆಯಲು ತಕ್ಕದ್ದು ಯಾವುದೆಂದು ಆರಿಸುವುದು ಹೇಗೆ? ಹಳೆಯ ಲೇಖನ ತಿದ್ದಿದರೆ ಅದರ ಲಿಂಕ್ ಬದಲಿಸಬೇಕೇ?

ಕರಡುಪ್ರತಿ:
ಬರೆದಿಡುವಾಗಲೇ ಅರ್ಧ ಆಯ್ಕೆ ಆಗಿಬಿಡಬೇಕು. ‘ಗೊಬ್ಬರ’ ಎಂದು ಒಂದೇ ಪದ ಬರೆದಿಟ್ಟರೆ ತಿಂಗಳ ನಂತರ ಅದು ನಿಮಗೇ ಅರ್ಥವಾಗುವುದಿಲ್ಲ. ಪೂರ್ತಿ ಪ್ರಶ್ನೆ, ಕೇಳುವವರು ಯಾರು, ಉತ್ತರ ಎಲ್ಲಿ ಸಿಗುತ್ತದೆ ಎಂದು ಮೂರು ಸಾಲು ಬರೆಯಿರಿ: ‘ಕುಂಡದ ಅಂಚಿಗೆ ಬಿಳಿ ಪುಡಿ ಕಟ್ಟುವುದು ಯಾಕೆ? ಹೊಸದಾಗಿ ಗಿಡ ಇಟ್ಟವರು. ಗೊಬ್ಬರದ ಮತ್ತು ಗಡಸು ನೀರಿನ ಲವಣ, ಕೈಪಿಡಿಯಲ್ಲಿ ಖಚಿತಪಡಿಸಬೇಕು’.

ಆಮೇಲೆ ಯಾವುದನ್ನೂ ಹುಡುಕದೆ ಹತ್ತು ನಿಮಿಷ ಕೂತು ಆ ಲೇಖನದ ಐದು ಮುಖ್ಯ ಅಂಶ ಬರೆಯಿರಿ. ಐದೂ ಹುಡುಕಾಟದ ಮೊದಲ ಪುಟದಲ್ಲಿ ಆಗಲೇ ಇದ್ದರೆ ಸದ್ಯಕ್ಕೆ ಪಕ್ಕಕ್ಕಿಡಿ. ಎರಡಾದರೂ ಅಲ್ಲಿ ಇಲ್ಲದಿದ್ದರೆ ಆ ಎರಡನ್ನೇ ಲೇಖನದ ತಿರುಳು ಮಾಡಿ.

ಎಐ ಬಳಸುವುದಾದರೆ ವಿಷಯ ಕೊಡು ಎನ್ನಬೇಡಿ, ಸರಾಸರಿಯದ್ದೇ ಬರುತ್ತದೆ. ನಿಮ್ಮ ಲೇಖನವನ್ನೇ ಪೂರ್ತಿ ಹಾಕಿ, ಓದಿ ಮುಗಿಸಿದವರಿಗೆ ಉಳಿಯುವ ಪ್ರಶ್ನೆಗಳು ಯಾವುವು ಎಂದು ಕೇಳಿ. ಪ್ರಶ್ನೆ ಮಾತ್ರ ಅದರಿಂದ, ಉತ್ತರ ನೀವೇ ಪರಿಶೀಲಿಸಿ.

ಅಂಕಿನೋಟ:
ಲಿಂಕ್ ಬದಲಿಸಬೇಡಿ. ಅದೇ ವಿಳಾಸದಲ್ಲಿ ತಿದ್ದಿ, ತಿರುಳು ನಿಜಕ್ಕೂ ಬದಲಾಗಿದ್ದರೆ ಮಾತ್ರ ದಿನಾಂಕ ಹೊಸದು ಮಾಡಿ. ಎರಡು ಹಳೆಯ ಲೇಖನಗಳನ್ನು ಒಂದು ಮಾಡುವುದಾದರೆ ಹೆಚ್ಚು ಕ್ಲಿಕ್ ಇರುವ ಪುಟವನ್ನು ಉಳಿಸಿಕೊಂಡು, ಇನ್ನೊಂದರ ವಿಳಾಸದಿಂದ ಅದಕ್ಕೆ 301 ರೀಡೈರೆಕ್ಟ್ (ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಶಾಶ್ವತವಾಗಿ ಕಳಿಸುವ ವ್ಯವಸ್ಥೆ) ಹಾಕಿ. ತಾಣದೊಳಗಿನ ಹಳೆಯ ಕೊಂಡಿಗಳನ್ನೂ ಆಗಲೇ ಸರಿಪಡಿಸಿ.